ಕೈ ಬಿಡಿಸುವುದು

ಟಿಕೆಟ್ಟು ಕೊಂಡವರಿಗೆ ಗೊತ್ತಿರಲಿಲ್ಲ
ಇದು ಬಲು ನಿಧಾನದ ಆಟ ಅಂತ.
ಹನ್ನೊಂದು ಟನ್ನಿನ ಕಬ್ಬಿಣ ಒಂದು ಹೆಜ್ಜೆ
ಎತ್ತಿ ಇಡುವಷ್ಟರಲ್ಲಿ
ಒಂದು ಪೊಟ್ಟಣ ಕಡ್ಲೆಕಾಯಿ ಖಾಲಿ.

ಪೀಣ್ಯ ಎರಡನೇ ಹಂತ,
ಬಾಗಿಲು ಹಾಕಿದ ಬೇರಿಂಗ್ ಫ್ಯಾಕ್ಟರಿಯ ಅಂಗಳ.
ಸುತ್ತ ಕಂಟೇನರುಗಳ ಗೋಡೆ.
ಸಾವಿರದಿನ್ನೂರು ಪ್ಲಾಸ್ಟಿಕ್ ಕುರ್ಚಿ,
ಒಂದೊಂದರ ಬೆನ್ನಿಗೂ ಶಾಮಿಯಾನದವರ ಹೆಸರು, ಫೋನ್ ನಂಬರು.

ನಮ್ಮದು ಕೆಂಚ. ಅದರ ಎಡಗೈ ನನ್ನದು,
ಅಂದರೆ ಮೂರು ತಿಂಗಳು ಪಾಳಿ ಮುಗಿಸಿ ಬಂದು
ಬೆಸೆದವನು ನಾನು.
ಒಳಗೆ ಕೂರುವವಳು ಜಬೀನ್,
ಮೆಟ್ರೋ ಕಂಬಕ್ಕೆ ತೊಲೆ ಎತ್ತುತ್ತಿದ್ದ ಕ್ರೇನಿನವಳು.
ಒಮ್ಮೆ ಪಂದ್ಯ ಕಟ್ಟಿ, ಕೊಕ್ಕೆಗೆ ಚಹಾದ ತೂಕು ಸಿಕ್ಕಿಸಿ
ನಾಲ್ಕನೇ ಮಹಡಿಗೆ ಇಳಿಸಿದ್ದಳು
ಒಂದು ಹನಿ ತುಳುಕದೆ.

ಆಚೆ ಬೊಮ್ಮಸಂದ್ರದ ಸಿಡಿಲು, ನೀಲಿ.
ಅದರೊಳಗೆ ತಿಪ್ಪೇಶಿ, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ.

ಮೊದಲ ಸುತ್ತಿಗೆ ಹೋಸು ಒಡೆಯಿತು.
ಅರವತ್ತೆಂಟು ನಂಬರಿನ ಎಣ್ಣೆ
ಮುಂದಿನ ಸಾಲಿನ ಬಿಳಿ ಅಂಗಿಗಳ ಮೇಲೆ.
ನಲವತ್ತು ನಿಮಿಷ ರಿಪೇರಿ.
ಕಾಮೆಂಟ್ರಿಯವನು ಮಾತು ತೀರಿ
ಪಂಪ್‌ಸೆಟ್ ಕಂಪನಿಯ ಹೆಸರನ್ನು ಆರನೇ ಸಲ ಓದಿದ.
ಎರಡನೇ ಸುತ್ತು ನೆನಪಿಲ್ಲ.

ಮೂರನೆಯದರಲ್ಲಿ ಆ ಹೊಡೆತ.
ಕಿವಿಗಿಂತ ಮುಂಚೆ ಹಲ್ಲಿಗೆ ಕೇಳಿಸಿತು.
ಜನ ಎದ್ದರು, ಕುರ್ಚಿ ಬಿದ್ದವು,
ಯಾರೋ ಅಜ್ಜಿ ಶಿಳ್ಳೆ ಹೊಡೆದಳು.
ಇದಕ್ಕೇ ಬಂದಿದ್ದು ಎಲ್ಲರೂ.

ಆಮೇಲೆ ಏನೂ ಆಗಲಿಲ್ಲ.
ಮೊಣಕೈಯೊಳಗೆ ಮೊಣಕೈ ಹೊಕ್ಕಿತ್ತು.
ಹಿಂದೆ ಎಳೆದರೆ ಇಬ್ಬರೂ ವಾಲುತ್ತಾರೆ, ಮುಂದೆ ನೂಕಿದರೂ.
ಇಂಜಿನ್ನು ನಿಲ್ಲಿಸಿದರು.
ಆಗ ಕೇಳಿಸಿತು
ಮೇಲಿನ ಹಳಿಯಲ್ಲಿ ನಾಗಸಂದ್ರದ ರೈಲು,
ಕಿಟಕಿಗೆ ಮೂಗು ಒತ್ತಿದ ಜನ
ಒಂದು ಕ್ಷಣ ನಮ್ಮನ್ನು ಪುಕ್ಕಟೆ ನೋಡಿ ಹೋದರು.

ಯಾರ ಕೈ ಕೊಯ್ಯಬೇಕೋ ಅವರು ಸೋತಂತೆ.
ಹಾಗಂತ ನಿಯಮ.
ಗ್ಯಾಸ್ ಕಟರ್ ಇದ್ದವನು ನಾನೊಬ್ಬ.

ಏಣಿ ಹತ್ತಿದೆ. ಎರಡು ಕ್ಯಾಬಿನ್ನಿನ ನಡುವೆ ಒಂದು ಮೊಳ.
ಒಡೆದ ಗಾಜಿನಿಂದ ಜಬೀನ್ ನೀರಿನ ಬಾಟ್ಲಿ ದಾಟಿಸುತ್ತಿದ್ದಳು.
'ನಿನ್ನದರಲ್ಲೂ ಸೀಟು ಕಾಯುತ್ತಾ?'
'ಬೆನ್ನು ಬೆಂದೋಗಿದೆ ಅಕ್ಕ.'
'ಥರ್ಮಾಕೋಲ್ ಇಟ್ಕೊ. ಫ್ರಿಜ್ಜಿನ ಡಬ್ಬದಲ್ಲಿ ಬರುತ್ತಲ್ಲ, ಅದು.'

ಜ್ವಾಲೆ ಹಚ್ಚಿದೆ.
ನಮ್ಮ ಕೆಂಪು ಗುಳ್ಳೆಯೆದ್ದು ಸುಲಿಯಿತು, ಅಡಿಯಲ್ಲಿ ಹಳದಿ.
ಕಾವಿಗೆ ಅವರ ನೀಲಿಯೂ ಸುಲಿಯಿತು.
ಅಲ್ಲೂ ಹಳದಿ.

ಜಾಲಹಳ್ಳಿ ಕ್ರಾಸಿನ ಗುಜರಿಯವನು ಹೇಳಿದ್ದ,
ನಾನು ಮರೆತಿದ್ದೆ:
'ಜೆಸಿಬಿಯ ಮುಂದಿನ ಕೈ ಇದೆ, ತಗೋ.
ಹಿಂದಿನದು ನಿನ್ನೆ ಹೋಯಿತು, ಬೊಮ್ಮಸಂದ್ರಕ್ಕೆ.'

ಒಂದೇ ಗಾಡಿ.
ಯಾವ ರಾಜಕಾಲುವೆ ತೋಡಿತ್ತೋ, ಯಾವ ಕೆರೆ ತುಂಬಿತ್ತೋ.
ಮುಂದಿನದು ತುಂಬುವ ಕೈ, ಹಿಂದಿನದು ತೋಡುವ ಕೈ.
ಅಷ್ಟು ವರ್ಷ ಒಂದೇ ಮೈಗೆ ಅಂಟಿಕೊಂಡಿದ್ದಾಗ
ಒಂದನ್ನೊಂದು ಮುಟ್ಟಿರಲಾರವು.
ಎಟುಕುತ್ತಿರಲಿಲ್ಲ.

ಕೆಳಗಿನಿಂದ ಯಾರೋ ಕೂಗಿದರು, ಬೇಗ, ಬೇಗ.
ಜಬೀನ್ ನನ್ನ ಮುಖ ನೋಡಿದಳು,
ಏನೂ ಹೇಳಲಿಲ್ಲ.
ಕನ್ನಡಕ ಇಳಿಸಿಕೊಂಡೆ.

ಕೊನೆಗೆ ಉಳಿದವರು ಎಪ್ಪತ್ತು ಮಂದಿ ಇರಬಹುದು,
ಎರಡು ಕುರ್ಚಿ ಜೋಡಿಸಿ ಮಲಗಿಸಿದ ಒಂದು ಮಗು.
ಶಾಮಿಯಾನದ ಹುಡುಗ ಕುರ್ಚಿ ಪೇರಿಸುತ್ತ
ಮುನ್ನೂರ ಹತ್ತು, ಮುನ್ನೂರ ಹನ್ನೊಂದು,
ಲೆಕ್ಕ ನಿಲ್ಲಿಸದೆ ಕೇಳಿದ:
'ಇಷ್ಟೊತ್ತು ಯಾಕಣ್ಣ ಹಿಡೀತು?'

ಬೆಸುಗೆ ಗಟ್ಟಿಯಿತ್ತು ಕಣೋ, ಅಂದೆ.